ಅಕ್ಷರ ಗೊತ್ತು, ಓದು ಬರುತ್ತಿಲ್ಲ: ನಿಮ್ಮ ಅನುಭವ ಹೇಳಿ

ಮಗಳಿಗೆ ಆರು ವರ್ಷ. ಅ ಇಂದ ಳ ತನಕ ಬಾಯಿಪಾಠ, ಕಾಪಿ ಬರೆಯೋದೂ ಚೆಂದ. ಪದ ತೋರಿಸಿದರೆ ಮಾತ್ರ ಒಂದೊಂದೇ ಅಕ್ಷರ ಹೇಳಿ ನಿಂತುಬಿಡ್ತಾಳೆ. ಸ್ವಂತ ವಾಕ್ಯ ಬರಿ ಅಂದರೆ ಅಳು. ನೀವೆಲ್ಲ ಹೇಗೆ ಕಲಿಸಿದ್ರಿ?

ಉತ್ತರ 1
ನನ್ನ ಮಗನೂ ಹೀಗೇ ಇದ್ದ. 49 ಅಕ್ಷರವೂ ಮುಗಿಯಲಿ, ಪದ ಆಮೇಲೆ ಅಂತ ಕಾದದ್ದೇ ನನ್ನ ತಪ್ಪು. ರ, ಗ, ಸ, ದ, ಅ ಐದೇ ಸಾಕು: ಸರ, ರಸ, ದರ, ಅರಸ, ಗರಗಸ. ‘ಸ’ ಹೇಳಿ ಉಸಿರು ನಿಲ್ಲಿಸದೆ ‘ರ’ಕ್ಕೆ ಜಾರಬೇಕು, ಜೊತೆಗೆ ಬೆರಳೂ ಜಾರಬೇಕು. ದಿನಕ್ಕೆ ಹತ್ತು ನಿಮಿಷ, ಅಷ್ಟೇ. ‘ಗರಗಸ’ ಒಂದೇ ಉಸಿರಿಗೆ ಬಂದ ದಿನ ಅವನು ಮನೆಯವರಿಗೆಲ್ಲ ಓದಿ ತೋರಿಸಿದ.

ಉತ್ತರ 2
ಒಂದನೇ ತರಗತಿಗೆ ಪಾಠ ಮಾಡ್ತೀನಿ. ಕ ಕಾ ಕಿ ಕೀ ಅಂತ ಇಡೀ ಕಾಗುಣಿತ ಬರೆಸಬೇಡಿ, ಕೈ ನೋಯುತ್ತೆ, ಓದು ಬರಲ್ಲ. ಒಂದು ವಾರ ಬರೀ ಇಳಿ: ದರ–ದಾರ, ಸರ–ಸಾರ. ಒಂದು ಗೆರೆಗೆ ಅರ್ಥವೇ ಬದಲಾಗೋದು ಮಕ್ಕಳಿಗೆ ಬಲು ಇಷ್ಟ. ಗುಡಿಸು, ಕೊಂಬು ಆಮೇಲೆ. ಒತ್ತಕ್ಷರ ಶುರುವಾಗೋದು ಅಮ್ಮ, ಅಪ್ಪ, ಅಜ್ಜಿ ಇಂದ. ತನ್ನದೇ ಒತ್ತು ಇರೋ ಪದಗಳು ಸುಲಭ. ‘ಸೂರ್ಯ’ ತಡವಾಗಲಿ. ಮೊದಲು ಉಚ್ಚರಿಸೋ ‘ರ’ ಕೊನೆಗೆ ಬರೆಯೋದು ದೊಡ್ಡವರನ್ನೂ ಗೊಂದಲ ಮಾಡುತ್ತೆ.

ಉತ್ತರ 3
ವಾಕ್ಯದ ಬಗ್ಗೆ ಅಪ್ಪನಾಗಿ ಹೇಳ್ತೀನಿ. ಮಗಳು ಚಿತ್ರ ಬರೆದು, ಏನಾಯ್ತು ಅಂತ ಹೇಳ್ತಿದ್ದಳು. ಅವಳ ಮಾತನ್ನೇ ನಾನು ಕೆಳಗೆ ಬರೆದೆ: ‘ಬೆಕ್ಕು ಹಾಲು ಕುಡೀತು.’ ತನ್ನದೇ ಮಾತು, ತಡವರಿಸದೆ ಓದಿದಳು. ಮುಂದಿನ ವಾರ ಕೊನೆಯ ಪದ ಖಾಲಿ ಬಿಟ್ಟೆ, ಅವಳು ತುಂಬಿದಳು. ‘ಕುಡಿಯಿತು’ ಅಂತ ತಿದ್ದಲಿಲ್ಲ. ಪುಸ್ತಕದ ಭಾಷೆ ಓದ್ತಾ ಓದ್ತಾ ತಾನೇ ಬಂತು. ‘ಮನೆ ಹೋದೆ’ ಅಂತ ಬರೆದರೆ ಮಾತ್ರ ಗಟ್ಟಿಯಾಗಿ ಓದಿಸಿ. ‘ಗೆ’ ಬಿಟ್ಟಿದ್ದು ಅವರ ಕಿವಿಗೇ ತಿಳಿಯುತ್ತೆ. ಒಂದು ಸಲಕ್ಕೆ ಒಂದೇ ತಪ್ಪು, ದಯವಿಟ್ಟು. ಕೆಂಪು ಗೆರೆ ತುಂಬಿದ ಪುಟ ನೋಡಿ ನನ್ನ ಮಗಳು ಒಂದು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ಉತ್ತರ 4
ಸಾಲು ತಪ್ಪಿಸಿ ಓದಿದರೆ, ಪುಸ್ತಕ ಮುಖಕ್ಕೆ ಹತ್ತಿರ ಹಿಡಿದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ಕೇಳಿದವರು
ನಾಲ್ಕು ದಿನ ಮಾಡಿ ನೋಡಿದೆ. ‘ದಾರ’ ಓದಿ, ‘ಅಮ್ಮ, ಇಳಿ ಮುಚ್ಚಿದರೆ ದರ’ ಅಂದಳು! ವಾಕ್ಯಕ್ಕೆ ಇನ್ನೂ ಕೈ ಹಾಕಿಲ್ಲ. ನಾಳೆ ಚಿತ್ರ ಬರೆಸ್ತೀನಿ.