ಡೇರೆ (ಡೇಲಿಯಾ ಹೂವಿನ) ಗೆಡ್ಡೆ ಚಿಗುರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಸಾಗರದ ಹತ್ತಿರ ಹಳ್ಳಿ. ಅತ್ತೆಯ ಕಾಲದ ಕೆಂಪು ಡೇರೆ ಇತ್ತು. ಡಿಸೆಂಬರಿನಲ್ಲಿ ಕಿತ್ತು, ಗೆಡ್ಡೆಗಳನ್ನು ಒಂದೊಂದಾಗಿ ಮುರಿದು ಮರಳಿನಲ್ಲಿ ಇಟ್ಟಿದ್ದೆ. ಮೇ ಕೊನೆಗೆ 12 ನೆಟ್ಟೆ. ಚಿಗುರಿದ್ದು ಮೂರೇ. ಕೆದಕಿ ನೋಡಿದರೆ ಕೆಲವು ಕೊಳೆತಿವೆ, ಕೆಲವು ಗಟ್ಟಿಯಾಗೇ ಇವೆ, ಆದರೆ ಮೊಳಕೆ ಇಲ್ಲ. ಆ ಬಣ್ಣ ಕಳೆದುಹೋದೀತು ಅಂತ ಹೆದರಿಕೆ.

ಉತ್ತರ (ನರ್ಸರಿಯವರು): ಅಕ್ಕ, ಮೂರು ಗಿಡ ಇದೆಯಲ್ಲ, ಬಣ್ಣ ಎಲ್ಲೂ ಹೋಗಲ್ಲ.

ಡೇರೆ ಗೆಡ್ಡೆ ಆಲೂಗಡ್ಡೆ ಹಾಗಲ್ಲ. ಆಲೂಗಡ್ಡೆಗೆ ಮೈಯೆಲ್ಲಾ ಕಣ್ಣು. ಡೇರೆಗೆ ಕಣ್ಣು ಇರೋದು ಕುತ್ತಿಗೆಯ ಮೇಲೆ, ಹಳೇ ಕಾಂಡಕ್ಕೆ ಅಂಟಿದ ಜಾಗದಲ್ಲಿ ಮಾತ್ರ. ಒಂದೊಂದಾಗಿ ಮುರಿದಾಗ ಆ ಭಾಗ ಹೆಚ್ಚಾಗಿ ಕಾಂಡದಲ್ಲೇ ಉಳಿದುಬಿಡುತ್ತದೆ. ಅಂಥ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರಲ್ಲ. ಮುಂದಿನ ಸಲ ಗೊಂಚಲನ್ನು ಹಾಗೇ ಎತ್ತಿಡಿ. ಏಪ್ರಿಲ್ ಹೊತ್ತಿಗೆ ಕಣ್ಣು ಉಬ್ಬಿ ಕಾಣುತ್ತದೆ. ಆಗ ಪ್ರತಿ ಗೆಡ್ಡೆಗೂ ಕಾಂಡದ ಚೂರು, ಒಂದು ಕಣ್ಣು ಬರುವ ಹಾಗೆ ಚಾಕುವಿನಿಂದ ಸೀಳಿ.

ಕೊಳೆತದ್ದಕ್ಕೆ ಕಾರಣ ನೀರು. ನಮ್ಮ ಮಲೆನಾಡಿನ ಮಳೆಗೆ ಸಮತಟ್ಟಾದ ಅಂಗಳದಲ್ಲಿ ನೆಡಲೇಬಾರದು. ಒಂದು ಅಡಿ ಎತ್ತರದ ಮಡಿ ಮಾಡಿ. ಹಸಿ ಸಗಣಿ ಬೇಡ, ಚೆನ್ನಾಗಿ ಕಳಿತ ಗೊಬ್ಬರ ಸಾಕು.

ಇನ್ನು ಆ ಮೂರು ಗಿಡ. ಮೂರ್ನಾಲ್ಕು ಜೊತೆ ಎಲೆ ಬಂದಮೇಲೆ ತುದಿ ಚಿವುಟಿ, ಪಕ್ಕದ ಚಿಗುರು ಬರುತ್ತವೆ. ಅವು ಮೂರು ಇಂಚು ಆದಾಗ, ಒಳಗೆ ಇನ್ನೂ ಟೊಳ್ಳಾಗುವ ಮೊದಲೇ ಕೆಲವನ್ನು ಕತ್ತರಿಸಿ ಮರಳಲ್ಲಿ ಊರಿ. ಜಗಲಿ ಪಕ್ಕ, ಮಳೆ ಬೀಳದ ಕಡೆ ಇಡಿ. ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ತಾಯಿ ಗಿಡದ್ದೇ ಬಣ್ಣ. ಈ ಕಡ್ಡಿ ಗಿಡಗಳೂ ವರ್ಷದ ಕೊನೆಗೆ ಗೆಡ್ಡೆ ಕಟ್ಟುತ್ತವೆ. ಬೀಜ ಮಾತ್ರ ನಂಬಬೇಡಿ, ಅದರಲ್ಲಿ ಯಾವ ಬಣ್ಣ ಬರುತ್ತೋ ಹೇಳಕ್ಕಾಗಲ್ಲ.

ಪ್ರಶ್ನೆ: ತುಂಬಾ ಉಪಕಾರ ಸರ್. ಹೂ ಮುಗಿದ ಮೇಲೆ ಗಿಡವನ್ನು ಬುಡಕ್ಕೇ ಕತ್ತರಿಸುತ್ತಿದ್ದೆ, ಅದು ಸರಿಯಾ?

ಉತ್ತರ: ಮಳೆ ಇರುವಾಗ ಬೇಡ ಅಕ್ಕ. ಕಾಂಡ ಕೊಳವೆ ಹಾಗೆ ಟೊಳ್ಳು. ಕತ್ತರಿಸಿದರೆ ನೀರು ನೇರ ಕುತ್ತಿಗೆಗೆ ಇಳಿದು ಕೊಳೆಸುತ್ತದೆ. ಬಾಡಿದ ಹೂವಷ್ಟೇ ತೆಗೆಯಿರಿ. ಎಲೆ ತಾನಾಗಿ ಹಳದಿಯಾಗಿ ಒಣಗಲಿ, ಗೆಡ್ಡೆ ಬಲಿಯೋದೇ ಆಗ. ಆಮೇಲೆ ಅರ್ಧ ಅಡಿ ಕಾಂಡ ಬಿಟ್ಟು ಕತ್ತರಿಸಿ, ಸುತ್ತ ದೂರದಿಂದ ಅಗೆದು ಎತ್ತಿ.

ಇನ್ನೊಬ್ಬರ ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ ಬೆಳೆಯಬಹುದಾ?

ಉತ್ತರ: ಖಂಡಿತ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೆಡಿ, ಚಳಿಗಾಲದಲ್ಲಿ ಹೂ ನೋಡಿ. ಮೆಕ್ಸಿಕೋದ ಗುಡ್ಡಗಾಡಿನ ಗಿಡ ಇದು, ತಂಪು ರಾತ್ರಿ ಇಷ್ಟ. 12 ಇಂಚಿನ ಕುಂಡ ಬೇಕು. ನೆಡುವಾಗಲೇ ಆಸರೆ ಕೋಲು ಹುಗಿಯಿರಿ. ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ. ಮೊಳಕೆ ಮೇಲೆ ಬರುವವರೆಗೆ ನೀರು ಕಡಿಮೆ ಇರಲಿ.

ಅಕ್ಕ, ಕಡ್ಡಿ ಬೇರು ಬಿಟ್ಟಮೇಲೆ ಒಂದು ಫೋಟೋ ಹಾಕಿ. ಆ ಕೆಂಪು ನನಗೂ ನೋಡಬೇಕು.