ಟಪಜೋಸ್ ರೆಡ್ ಹೆಡ್ ಮೀನಿಗೆ ಫೀಡ್ ತಲುಪ್ತಾನೇ ಇಲ್ಲ, ಮೇಲಿನವೇ ಎಲ್ಲಾ ತಿಂದ್ಬಿಡ್ತವೆ, ಏನ್ಮಾಡ್ಲಿ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿದೀನಿ, 4 ಅಡಿ ಟ್ಯಾಂಕು, 48x18x18 ಇಂಚು. ಮೂರು ಏಂಜೆಲ್, ಹನ್ನೆರಡು ಬ್ಲಾಕ್ ಸ್ಕರ್ಟ್ ಟೆಟ್ರಾ, ಒಂದು ಬ್ರಿಸಲ್‌ನೋಸ್ ಪ್ಲೆಕೋ ಮೊದ್ಲಿಂದ್ಲೂ ಇದ್ವು, ಎರಡು ತಿಂಗಳ ಹಿಂದೆ ಐದು ಟಪಜೋಸ್ ರೆಡ್ ಹೆಡ್ ಮರಿ ತಂದು ಬಿಟ್ಟೆ, ಎರಡೂವರೆ ಇಂಚು ಇರ್ಬೋದು. ನಾನು ಹಾಕೋದು ತೇಲೋ ಪೆಲೆಟ್ಟು, ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲ, ಹಾಕಿದ ಅರ್ಧ ನಿಮಿಷದಲ್ಲಿ ಏಂಜೆಲ್ಲು ಟೆಟ್ರಾ ಸೇರ್ಕೊಂಡು ಖಾಲಿ ಮಾಡ್ತವೆ, ಈ ಐದು ಮಾತ್ರ ಕೆಳಗೇ ಕಲ್ಲು ಮೂಸ್ತಾ ಇರ್ತವೆ, ಮೇಲೆ ಬರೋದೇ ಇಲ್ಲ. ಎರಡರ ಹೊಟ್ಟೆ ಒಳಗೆ ಹೋಗಿದೆ, ನೋಡಿದ್ರೆ ಸಂಕಟ ಆಗುತ್ತೆ. ಅಂಗಡಿಯವ್ರು ಕೆಳಗೆ ಬಿದ್ದಿದ್ದನ್ನೇ ತಿನ್ಕೊಂಡು ಇರ್ತವೆ, ಬೇರೆ ಫೀಡ್ ಬೇಡ ಅಂದಿದ್ರು. ತಳದಲ್ಲಿ 4 ಎಂಎಂ ಗ್ರಾವೆಲ್ ಇದೆ. ಪ್ಲೀಸ್ ಯಾರಾದ್ರೂ ಹೇಳಿ.

ಮರಳುಜರಡಿ:
ಫೀಡಿಗಿಂತ ಮೊದ್ಲು ಆ ಗ್ರಾವೆಲ್ ತೆಗೀರಿ. ಇವು ಕಲ್ಲು ಮೂಸ್ತಾ ಇಲ್ಲ ಸರ್, ಊಟ ಮಾಡೋಕೆ ನೋಡ್ತಾ ಇವೆ, ಆಗ್ತಾ ಇಲ್ಲ ಅಷ್ಟೇ. ಇವುಗಳ ಕುಲದ ಹೆಸರು ಜಿಯೋಫೇಗಸ್, ಹಾಗಂದ್ರೇನೇ ಮಣ್ಣು ತಿನ್ನೋದು ಅಂತ ಅರ್ಥ, ಬ್ರೆಜಿಲ್‌ನ ಟಪಜೋಸ್ ನದಿ ತಳದಲ್ಲಿ ಬಾಯ್ತುಂಬ ಮರಳು ತಗೊಂಡು, ಅದ್ರಲ್ಲಿರೋ ಹುಳದ ಮರಿ, ಸಣ್ಣ ಕಾಳು ಎಲ್ಲಾ ಒಳಗೇ ಉಳಿಸ್ಕೊಂಡು ಮಿಕ್ಕಿದ್ದನ್ನ ಕಿವಿರಿಂದ ಆಚೆ ಬಿಡ್ತವೆ. ಅಜ್ಜಿ ಮೊರದಲ್ಲಿ ಅಕ್ಕಿ ಕೇರೋದನ್ನ ನೋಡಿದೀರಲ್ಲ, ಅದೇ ಕೆಲಸ ಬಾಯೊಳಗೆ ನಡೀತದೆ. 4 ಎಂಎಂ ಕಲ್ಲನ್ನ ಎರಡೂವರೆ ಇಂಚಿನ ಮರಿ ಹೇಗೆ ಕೇರ್ಬೇಕು ಹೇಳಿ, ಬಾಯಿ ಕಿವಿರು ತರಚಿ ಗಾಯ ಆಗೋದೂ ಇದೆ.

1 ಎಂಎಂಗಿಂತ ಸಣ್ಣ, ದುಂಡು ಕಾಳಿನ ಮರಳು ಬೇಕು, ಒಂದೂವರೆ ಇಂಚು ಸಾಕು. ದಯವಿಟ್ಟು ಎಂ-ಸ್ಯಾಂಡ್ ಮಾತ್ರ ಹಾಕ್ಬೇಡಿ, ಬೆಂಗಳೂರಲ್ಲಿ ಎಲ್ಲಾ ಸೈಟಲ್ಲೂ ಸಿಗುತ್ತೆ ಅಂತ ಸುಮಾರು ಜನ ತಂದು ಸುರೀತಾರೆ, ಅದು ಕಲ್ಲು ಒಡೆದು ಮಾಡಿದ್ದು, ಕಾಳು ಚೂಪು ಇರುತ್ತೆ. ಹೊಳೆ ಮರಳು ಸಿಕ್ರೆ ಸಣ್ಣ ಜರಡೀಲಿ ಆಡಿಸಿ, ಬಕೆಟ್ಟಲ್ಲಿ ನೀರು ತಿಳಿ ಆಗೋವರ್ಗೂ ತೊಳೀರಿ, ಒಂದು ಹಿಡಿಗೆ ವಿನೆಗರ್ ಹಾಕಿ ನೊರೆ ಬರುತ್ತಾ ನೋಡಿ, ಬಂದ್ರೆ ಸುಣ್ಣ, ಚಿಪ್ಪು ಸೇರಿದೆ ಅಂತ, ನೀರು ಗಡಸಾಗುತ್ತೆ, ಬಿಟ್ಬಿಡಿ. ಫಿಲ್ಟರ್ ಇನ್‌ಟೇಕ್ ಸ್ವಲ್ಪ ಮೇಲೆ ಎತ್ತಿಡಿ, ಇವು ಎಬ್ಬಿಸೋ ಮರಳು ಇಂಪೆಲ್ಲರಿಗೆ (ಮೋಟರ್ ಒಳಗೆ ತಿರುಗೋ ಫ್ಯಾನು) ಹೋದ್ರೆ ಸವೆದು ಹೋಗುತ್ತೆ.

ಟ್ಯಾಂಕ್_ಪಕ್ಕ_ಕುರ್ಚಿ:
ಮೇಲಿನವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಫೀಡ್ ಬಗ್ಗೆ ನಾನು ಹೇಳ್ತೀನಿ, ನಮ್ಮನೇಲೂ ಇದೇ ಮೀನು ಆರಿವೆ. ತೇಲೋ ಪೆಲೆಟ್ ಇವಕ್ಕಲ್ಲ. 1 ಎಂಎಂ ಆಸುಪಾಸಿನ ಮುಳುಗೋ ಪೆಲೆಟ್ ತಗೊಳ್ಳಿ. ಮೊದ್ಲು ಒಂದು ಮೂಲೇಲಿ ಏಂಜೆಲ್, ಟೆಟ್ರಾಗೆ ತೇಲೋದು ಸ್ವಲ್ಪ ಹಾಕಿ, ಅವು ಅಲ್ಲಿ ಮುತ್ಕೊಂಡಾಗ ಇನ್ನೊಂದು ಕಡೆ ಅರ್ಧ ಇಂಚಿನ ಪಿವಿಸಿ ಪೈಪ್ ತಳದ ಹತ್ರಕ್ಕೆ ಇಳಿಸಿ ಅದ್ರೊಳಗಿಂದ ಪೆಲೆಟ್ ಬಿಡಿ. ಪೈಪನ್ನ ಒಂದೇ ಕಡೆ ಇಡ್ಬೇಡಿ, ಮೂರ್ನಾಲ್ಕು ಕಡೆ ಆಡಿಸಿ, ಯಾಕಂದ್ರೆ ಗುಂಪಲ್ಲಿ ಒಬ್ಬ ಯಜಮಾನ ಇದ್ದೇ ಇರ್ತಾನೆ, ಒಂದೇ ಕಡೆ ಬಿದ್ರೆ ಅವ್ನು ಅಲ್ಲಿ ನಿಂತು ಮಿಕ್ಕಿದ್ದನ್ನೆಲ್ಲ ಓಡಿಸ್ತಾನೆ. ದೊಡ್ಡ ವೇಫರ್ (ಬಿಲ್ಲೆ ಥರದ ಫೀಡು) ಹಾಕಿದ್ರೂ ಇದೇ ಗತಿ.

ದಿನಕ್ಕೆ ಎರಡು ಸಲ ಜಾಸ್ತಿ ಹಾಕೋ ಬದ್ಲು ಮೂರ್ನಾಲ್ಕು ಸಲ ಚೂರು ಚೂರು, ಇವು ಇಡೀ ದಿನ ಮೇಯೋ ಜಾತಿ. ವಾರಕ್ಕೆ ಎರಡ್ಮೂರು ದಿನ ಫ್ರೋಜನ್ ಬ್ಲಡ್‌ವರ್ಮ್, ಡ್ಯಾಫ್ನಿಯಾ (ನೀರಿನ ಸಣ್ಣ ಚಿಗಟ) ಕೊಡಿ. ಜೀವಂತ ಟ್ಯೂಬಿಫೆಕ್ಸ್ ಹುಳ ಬೇಡ, ಕೊಳಚೆ ನೀರಲ್ಲಿ ಬೆಳೆದದ್ದು, ರೋಗ ತರುತ್ತೆ. ನಾನು ಮನೇಲೇ ಸಿಗಡಿ, ಬೇಯಿಸಿದ ಬಟಾಣಿ ರುಬ್ಬಿ ಅಗರ್ ಅಗರ್ ಹಾಕಿ ತೆಳ್ಳಗೆ ಫ್ರೀಜ್ ಮಾಡಿ, ತುರೆಮಣೇಲಿ ತುರಿದು ಹಾಕ್ತೀನಿ, ಮರಳೊಳಗೆ ಬಿದ್ದ ಚೂರನ್ನ ಹುಡುಕಿ ಹುಡುಕಿ ತಿಂತವೆ.

ನೀರುಬದ್ಲಿ:
ಒಂದು ಮಾತು. ಹೊಟ್ಟೆ ಒಳಗೆ ಹೋದ ಎರಡರ ಮಲ ನೋಡಿ. ಬಿಳಿ ದಾರದ ಹಾಗೆ ಉದ್ದಕ್ಕೆ ಜೋತಾಡ್ತಿದ್ರೆ, ಚೆನ್ನಾಗಿ ತಿಂದ್ರೂ ಸೊರಗ್ತಾ ಇದ್ರೆ ಒಳಗೆ ಪರೋಪಜೀವಿ ಇರ್ಬೋದು, ಬೇರೆ ಟ್ಯಾಂಕಿಗೆ ಹಾಕಿ ತಿಳಿದವ್ರನ್ನ ಕೇಳಿ ಔಷಧಿ ಮಾಡಿ. ಫೀಡ್ ಸಲ ಜಾಸ್ತಿ ಆದ್ರೆ ನೀರೂ ಬೇಗ ಕೆಡುತ್ತೆ, ವಾರಕ್ಕೆ 40% ಬದಲಾಯಿಸಿ, ಟೆಂಪರೇಚರ್ 27-29 ಡಿಗ್ರಿ ಇರ್ಲಿ.

ಕೆರೆಏರಿ:
ಮೂರು ವಾರ ಆಯ್ತು, ಹೇಳ್ದೆ ಇದ್ರೆ ತಪ್ಪಾಗುತ್ತೆ ಅಂತ ಬಂದೆ. ಊರಿಂದ ಹೊಳೆ ಮರಳು ಒಂದು ಚೀಲ ತರಿಸಿ ಹಾಕ್ದೆ, ಗ್ರಾವೆಲ್ ಪೂರ್ತಿ ತೆಗೆದೆ. ಮೊದಲ್ನೇ ದಿನ ಅರ್ಧ ಗಂಟೆ ದೂರ ನಿಂತ್ವು, ಆಮೇಲೆ ಒಂದು ಬಂದು ಮೂತಿ ಕಣ್ಣಿನ ತನಕ ಮರಳಲ್ಲಿ ಹೂತು ಎತ್ತಿತು ನೋಡಿ, ಕೆನ್ನೆ ಆಡಿಸ್ತಾ ಕಿವಿರ ಎರಡೂ ಕಡೆಯಿಂದ ಮರಳು ಹಿಟ್ಟಿನ ಥರ ಉದುರ್ತಾ ಇತ್ತು, ನಮ್ಮನೆಯವ್ರನ್ನೂ ಕರ್ದು ತೋರಿಸ್ದೆ. ಪೈಪ್ ಐಡಿಯಾಗೆ ತುಂಬಾ ಥ್ಯಾಂಕ್ಸ್, ಈಗ ಪೈಪ್ ಇಳಿದ್ರೆ ಐದೂ ಬರ್ತವೆ. ನಾಲ್ಕರ ಹೊಟ್ಟೆ ತುಂಬ್ಕೊಂಡಿದೆ. ಐದನೇದು ತಿಂತಾ ಇದೆ ಆದ್ರೂ ಸೊರಗಿದೆ, ಮಲ ಬಿಳಿ ದಾರವೇ, ಇವತ್ತು ಬೇರೆ ಟ್ಯಾಂಕಿಗೆ ಹಾಕಿದೀನಿ. ಮೆಟ್ರೋನಿಡಜೋಲ್‌ ಔಷಧೀನ ಫೀಡಲ್ಲಿ ಕಲೆಸಿ ಕೊಟ್ಟವ್ರು ಇದ್ರೆ ಹೇಗೆ ಕೊಟ್ರಿ ಹೇಳಿ.