ಅಪ್‌ಡೇಟ್: ನನ್ನ ಆರ್‌ಎಕ್ಸ್-7ಗೆ ಕೊನೆಗೂ ಹಾಕಿದ ಆಯಿಲ್

ಮೆಲ್ಬರ್ನ್‌ನಲ್ಲಿ ನಾನು ಓಡಿಸುವ 1993ರ ಮಾಜ್ದಾ ಆರ್‌ಎಕ್ಸ್-7ಗೆ ಸಿಂಥೆಟಿಕ್ (ಕೃತಕವಾಗಿ ತಯಾರಿಸಿದ) ಎಂಜಿನ್ ಆಯಿಲ್ ಹಾಕಲೇ, ಮಿನರಲ್ (ಕಚ್ಚಾ ತೈಲದಿಂದ ಸೋಸಿ ತೆಗೆದದ್ದು) ಹಾಕಲೇ ಎಂದು ಕೇಳಿದ್ದೆನಲ್ಲ, ಕೊನೆಗೆ 20ಡಬ್ಲ್ಯು-50 ಎಂಬ ದಪ್ಪ ದರ್ಜೆಯ ಮಿನರಲ್ ಆಯಿಲನ್ನೇ ಹಾಕಿದೆ. ನಿಮ್ಮಲ್ಲೊಬ್ಬರು ಬಿಡಿಸಿ ಹೇಳಿದ್ದು ಮನಸ್ಸಿಗೆ ನಾಟಿತು: ಈ ಕಾರಿನದು ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ರೋಟರಿ ಎಂಜಿನ್; ಅದರಲ್ಲಿ ಮೀಟರಿಂಗ್ ಪಂಪ್ ಎಂಜಿನ್ನಿನ ಆಯಿಲನ್ನೇ ತುಸುತುಸುವಾಗಿ ದಹನಕೋಣೆಗೆ ಕಳಿಸುತ್ತದೆ, ರೋಟರ್‌ನ ತುದಿಗಳಲ್ಲಿರುವ ಅಪೆಕ್ಸ್ ಸೀಲ್‌ಗಳಿಗೆ ಅದೇ ಜೀವಾಳ. ಹಾಗಾಗಿ ಆಯಿಲ್ ಮಸಿ ಉಳಿಸದೆ ಉರಿಯಬೇಕು, ಅದಕ್ಕೇ ಮಿನರಲ್ ಆರಿಸಿದೆ. ಟರ್ಬೊದ ಬಿಸಿ ತಾಳಲು ಸಿಂಥೆಟಿಕ್ ಮೇಲು ಎಂಬುದನ್ನು ಈಗಲೂ ಒಪ್ಪುತ್ತೇನೆ.

ಹಳೆಯ ಆಯಿಲ್ ಇಳಿಸುವ ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಮೂಸಿದೆ. ಪೆಟ್ರೋಲಿನ ಘಾಟು! ಬೆರಳಿಗೆ ಹಚ್ಚಿದರೆ, ಪೆಟ್ರೋಲ್ ಬೆರೆತು ಆಯಿಲ್ ನೀರಿನಂತೆ ತೆಳು. ಎದೆ ಧಸಕ್ಕೆಂದಿತು. ಯಾವ ಆಯಿಲ್ ಎನ್ನುವುದಕ್ಕಿಂತ ಎಷ್ಟು ಬೇಗ ಬದಲಿಸುತ್ತೇನೆ ಎನ್ನುವುದೇ ದೊಡ್ಡದೆಂದು ಆಗ ಅರ್ಥವಾಯಿತು. ಇನ್ನು 4,000 ಕಿ.ಮೀ. ದಾಟಲು ಬಿಡುವುದಿಲ್ಲ. ಈಗ ಎಂಜಿನ್ ಕಾದ ಮೇಲೂ ಆಯಿಲ್ ಒತ್ತಡದ ಮುಳ್ಳು ಮೊದಲಿನಂತೆ ಕುಸಿಯುತ್ತಿಲ್ಲ.